ಸಹಾಯಕ್ಕೂ ಒಂದು ಅಳತೆ

ಮಲೆನಾಡಿನ ಮೇಗುಂದದ ಕಡೆ ಮನೆಗಳು ದೂರ ದೂರ. ತೋಟದ ತಲೆಯಲ್ಲಿ ಒಂದು ಮನೆ, ಗದ್ದೆಯಾಚೆ ಇನ್ನೊಂದು, ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಜನವಸತಿ ಹೀಗೆ ಚದುರಿರುವುದರಿಂದಲೇ ಶಾಲೆಗಳೂ ಸಣ್ಣವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಇಬ್ಬರಿದ್ದರೂ ತರಗತಿ ಐದು. ಒಬ್ಬರು ತರಬೇತಿಗೋ ರಜೆಯ ಮೇಲೋ ಹೋದ ದಿನ ಐದೂ ತರಗತಿ ಒಬ್ಬರ ತಲೆಯ ಮೇಲೆ. ಕೃತಕ ಬುದ್ಧಿಮತ್ತೆ ಶಿಕ್ಷಣದ ದಿಕ್ಕನ್ನೇ ಬದಲಿಸುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ಆ ಮಾತನ್ನು ಒರೆಗೆ ಹಚ್ಚಬೇಕಾದ್ದು ಇಂಥ ಶಾಲೆಯಲ್ಲಿ. ಪ್ರತಿ ಮಗುವಿಗೂ ಒಬ್ಬೊಬ್ಬ ಮೇಷ್ಟ್ರನ್ನು ಕೊಡುತ್ತೇನೆ ಎನ್ನುವ ಯಂತ್ರ ನಿಜಕ್ಕೂ ಬೇಕಾಗಿರುವುದು ಮೇಷ್ಟ್ರು ಸಾಲದ ಕಡೆಗೇ ತಾನೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೊರಗೆ ನೋಡುವ ಮೊದಲು ನಮ್ಮದೇ ನಲಿ ಕಲಿಯನ್ನು ನೋಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವುದಕ್ಕಾಗಿಯೇ ಹುಟ್ಟಿದ ಪದ್ಧತಿ ಅದು. ಅದರ ಕಾರ್ಡು, ಹಾಡು, ಕಲಿಕಾ ಏಣಿ ಎಲ್ಲರಿಗೂ ಗೊತ್ತು. ‘ತಟ್ಟೆ’ ಎಂದು ಕರೆಯುವ ಅದರ ಗುಂಪುಗಳ ಹಿಂದಿನ ಯೋಚನೆಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದವರು ಒಂದು ತಟ್ಟೆ. ಶಿಕ್ಷಕರು ಅಷ್ಟಿಷ್ಟು ನೆರವಾದರೆ ಸಾಕಾದವರು ಇನ್ನೊಂದು. ಜೊತೆಯ ಮಕ್ಕಳ ಸಹಾಯದಿಂದ ಕಲಿಯುವವರದ್ದು, ಆ ಸಹಾಯ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಮತ್ತೆರಡು. ಕೊನೆಯದು ತಾನೇ ಕಲಿಯುವ ಮಗುವಿನದು. ಮಗುವಿಗೆ ಏನು ಕಲಿಸಬೇಕು ಎನ್ನುವುದರಷ್ಟೇ ಮುಖ್ಯವಾದದ್ದು ಎಷ್ಟು ಸಹಾಯ ಮಾಡಬೇಕು, ಎಲ್ಲಿ ಕೈ ಬಿಡಬೇಕು ಎನ್ನುವುದು. ನಲಿ ಕಲಿಗೆ ಅದು ಗೊತ್ತಿತ್ತು. ಫೋನಿನೊಳಗಿನ ಮಾಮೂಲಿ ಚಾಟ್‌ಬಾಟ್‌ಗೆ ಗೊತ್ತಿರುವುದು ಮೊದಲನೆಯ ತಟ್ಟೆ ಒಂದೇ. ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಕೊಡುವುದೇ ಅದರ ಸ್ವಭಾವ.

ಇದರ ಫಲ ಏನಾಗುತ್ತದೆ ಎಂಬುದಕ್ಕೆ ಈಗ ಗಟ್ಟಿಯಾದ ಪುರಾವೆ ಇದೆ. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಗಣಿತ ಕಲಿಕೆಯ ಪ್ರಯೋಗ 2024ರಲ್ಲಿ ಹೊರಬಂತು. ಒಂದು ಗುಂಪಿಗೆ ಮಾಮೂಲಿ ಚಾಟ್‌ಬಾಟ್ ಕೊಟ್ಟರು. ಇನ್ನೊಂದು ಗುಂಪಿಗೆ, ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆಯ ಪ್ರಕಾರ ತಿದ್ದಿದ ಚಾಟ್‌ಬಾಟ್. ಮೂರನೆಯ ಗುಂಪಿಗೆ ಪುಸ್ತಕ, ಟಿಪ್ಪಣಿ ಅಷ್ಟೇ. ಅಭ್ಯಾಸದ ಲೆಕ್ಕ ಮಾಡುವಾಗ ಮೊದಲ ಗುಂಪು ಪುಸ್ತಕದವರಿಗಿಂತ ಶೇ 48ರಷ್ಟು ಮುಂದಿತ್ತು. ಎರಡನೆಯದು ಶೇ 127ರಷ್ಟು. ಆಮೇಲೆ ಯಂತ್ರ ತೆಗೆದಿಟ್ಟು ಪರೀಕ್ಷೆ ಮಾಡಿದಾಗ ಮೊದಲ ಗುಂಪಿನವರು ಪುಸ್ತಕ ಹಿಡಿದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ನಷ್ಟ ಆಗಲಿಲ್ಲ, ಆದರೆ ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಕಲಿತಂತೆ ಕಾಣುವುದಕ್ಕೂ ಕಲಿಯುವುದಕ್ಕೂ ಇರುವ ಅಂತರ. ಹೋಂವರ್ಕ್ ನೋಟ್‌ಬುಕ್ಕಿನಲ್ಲಿ ಇಂಥ ಮಕ್ಕಳೆಲ್ಲ ಜಾಣರೇ. ತಾಯಿತಂದೆಯರಿಗೂ ಇಲಾಖೆಯ ತಪಾಸಣೆಗೂ ಸಿಗುವುದು ಆ ನೋಟ್‌ಬುಕ್ಕೇ.

ಕಲಿಕೆಯಲ್ಲಿ ಪರೀಕ್ಷಿಸಿ ನೋಡುವ ಹಂತ ಎಲ್ಲಿ ಬರುತ್ತದೆ ಎನ್ನುವುದಕ್ಕೆ ನಮ್ಮ ಅಡಿಕೆ ತೋಟದಲ್ಲೇ ಒಂದು ಪಾಠವಿದೆ. ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕೈಯಾಡಿಸುತ್ತ ಸುರಿಯಬೇಕು. ಇಷ್ಟನ್ನು ಯಾವ ಚಾಟ್‌ಬಾಟ್ ಬೇಕಾದರೂ ಹೇಳೀತು. ಆದರೆ ತಂದ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಲೆಕ್ಕ ಸರಿಯಿದ್ದೂ ದ್ರಾವಣ ಕೆಡುತ್ತದೆ. ಅದಕ್ಕೇ ಕಲಸಿದ ಮೇಲೆ ಹೊಳೆಯುವ ಕತ್ತಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು; ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಬೇಕು. ಸುಣ್ಣ ಸಾಲದ ದ್ರಾವಣವನ್ನು ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ತೋಟದ ಕೆಲಸ ಕಲಿಯುವ ಹುಡುಗನಿಗೆ ಅಳತೆ ಬಾಯಿಪಾಠ ಮಾಡಿಸುವುದು ಅರ್ಧ ತರಬೇತಿ. ಕತ್ತಿ ಅದ್ದಿ ನೋಡುವ ಅಭ್ಯಾಸ ಬಂದಾಗ ತರಬೇತಿ ಪೂರ್ತಿ. ಯಂತ್ರದ ಉತ್ತರ ಒಂದೊಂದಕ್ಕೂ ಹೀಗೆ ಅದ್ದಿ ನೋಡುವ ಕತ್ತಿ ಬೇಕು. ಆ ಕತ್ತಿ ಕೈಗೆ ಬರಬೇಕಾದರೆ ಮಗು ಮೊದಲು ತಾನೇ ತಿಣುಕಿ ಲೆಕ್ಕ ಮಾಡಿರಬೇಕು.

ಹಾಗಾದರೆ ಯಂತ್ರ ಬೇಡವೇ? ಖಂಡಿತ ಬೇಕು, ಮೊದಲು ಮೇಷ್ಟ್ರ ಮೇಜಿಗೆ ಬೇಕು. ಇದಕ್ಕೂ ಕರ್ನಾಟಕದಲ್ಲೇ ಉದಾಹರಣೆಯಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಸರ್ಕಾರಿ ಶಾಲಾ ಶಿಕ್ಷಕರಿಗಾಗಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ರಾಜ್ಯದ ಪಠ್ಯಕ್ಕೆ ತಕ್ಕ ಪಾಠಯೋಜನೆಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸಿದ್ಧಮಾಡಿ ಕೊಡುತ್ತದೆ. 2023ರಲ್ಲಿ ಬೆಂಗಳೂರಿನ ಸುತ್ತಲ ಕೆಲವೇ ಶಾಲೆಗಳಲ್ಲಿ ಆರಂಭವಾಗಿ ಮುಂದೆ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಲುಪಿತು. ಪಾಠ ತಯಾರಿಯ ಸಮಯ ಉಳಿಯಿತು, ಒತ್ತಡ ತಗ್ಗಿತು, ಚಟುವಟಿಕೆಯ ಮೂಲಕ ಕಲಿಸುವುದು ಹೆಚ್ಚಿತು ಎಂದು ಅದರ ಅಧ್ಯಯನ ಹೇಳುತ್ತದೆ. ಶಿಕ್ಷಕರ ಕೊರತೆ, ಆಡಳಿತದ ಕೆಲಸಗಳ ಹೊರೆ ಹಾಗೇ ಇರುವಾಗ ತರಗತಿಯೊಳಗೆ ದೊಡ್ಡ ಬದಲಾವಣೆ ಕಷ್ಟ ಎಂದೂ ಅದೇ ಅಧ್ಯಯನ ಒಪ್ಪಿಕೊಳ್ಳುತ್ತದೆ. ಈ ಎರಡನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ, ಶಿಕ್ಷಕರೇ ಮನೆಮನೆಗೆ ಹೋಗಿ ನಡೆಸುತ್ತಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಸಲು ಸರ್ಕಾರಿ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ಮುಂದುವರಿಸಬೇಕಾಯಿತು. ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ಸಣ್ಣ ಶಾಲೆಯ ಆ ಇಬ್ಬರು ಶಿಕ್ಷಕರದೇ ಕೆಲಸ. ಯಂತ್ರ ಉಳಿಸಿಕೊಟ್ಟ ಒಂದು ಗಂಟೆಯನ್ನು ಇನ್ನೊಂದು ನಮೂನೆ ನುಂಗಿದರೆ ಮಗುವಿಗೆ ಸಿಕ್ಕಿದ್ದೇನು?

ಗಣಿತಕ್ಕೋ ಇಂಗ್ಲಿಷಿಗೋ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಏನೂ ಇಲ್ಲದ್ದಕ್ಕಿಂತ ಯಂತ್ರವಾದರೂ ಇರಲಿ ಎನ್ನುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಮಾತಿನ ಹಿಂದೆ ಮಕ್ಕಳ ಮೇಲಿನ ಕಾಳಜಿಯಿದೆ. ನೈಜೀರಿಯಾದ ಎಡೊ ರಾಜ್ಯದಲ್ಲಿ 2024ರಲ್ಲಿ ವಿಶ್ವಬ್ಯಾಂಕ್ ನಡೆಸಿದ ಆರು ವಾರಗಳ ಪ್ರಯೋಗದಲ್ಲಿ ಮಕ್ಕಳು ಚಾಟ್‌ಬಾಟ್ ಜೊತೆ ಇಂಗ್ಲಿಷ್ ಕಲಿತು ಚೆನ್ನಾಗಿಯೇ ಮುಂದೆ ಬಂದರು. ಆದರೆ ಅಲ್ಲಿ ಶಾಲೆ ಬಿಟ್ಟ ಮೇಲಿನ ಆ ತರಗತಿಗಳಲ್ಲಿ ಮಾರ್ಗದರ್ಶನಕ್ಕೆ ಶಿಕ್ಷಕರು ಕೋಣೆಯಲ್ಲೇ ಇದ್ದರು. ಯಂತ್ರ ಕೈಗೆ ಸಿಕ್ಕ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎನ್ನುವುದಕ್ಕೆ ಪೆರುವಿನ ಅನುಭವವಿದೆ: ಆ ದೇಶ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳ ಅಧ್ಯಯನ 15 ತಿಂಗಳ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ನಮ್ಮ ಕಡೆಗಂತೂ ಇನ್ನೊಂದು ತೊಡಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. ಗಾಳಿಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ನನ್ನ ಭಯ ಇನ್ನೂ ಆಳದ್ದು. ಆ್ಯಪ್ ಬಂತಲ್ಲ, ಇನ್ನು ಹುದ್ದೆ ಯಾಕೆ ಎನ್ನುವ ಮಾತು ಎಲ್ಲಿಂದಲೋ ಹುಟ್ಟಿಕೊಂಡರೆ, ಮಕ್ಕಳ ಸಂಖ್ಯೆ ಕಡಿಮೆಯೆಂದು ಬಾಗಿಲು ಹಾಕುವ ಅಂಚಿನಲ್ಲಿರುವ ಶಾಲೆಗಳಿಗೆ ಅದೇ ಕೊನೆಯ ನೆಪವಾಗುತ್ತದೆ.

ಹೈಸ್ಕೂಲಿನ ಮಕ್ಕಳು ಹೇಗೂ ಫೋನಿನಲ್ಲಿ ಕೇಳಿಯೇ ಕೇಳುತ್ತಾರೆ ಎನ್ನುವುದೂ ನಿಜ. ಅವರಿಗೆ ಬೈಯುವುದರಿಂದ ಪ್ರಯೋಜನವಿಲ್ಲ; ಯಂತ್ರ ಕೊಟ್ಟ ಉತ್ತರದಲ್ಲಿ ತಪ್ಪು ಹುಡುಕುವುದನ್ನೇ ತರಗತಿಯ ಕೆಲಸ ಮಾಡಬಹುದು. ಕನ್ನಡ ಇಲ್ಲಿ ತಾನಾಗಿ ಅವಕಾಶ ಒದಗಿಸುತ್ತದೆ. ಈ ಯಂತ್ರಗಳು ಓದಿದ್ದರಲ್ಲಿ ಇಂಗ್ಲಿಷೇ ಹೆಚ್ಚು, ಕನ್ನಡ ತೀರ ಕಡಿಮೆ. ಮಲೆನಾಡಿನ ಕನ್ನಡ ಇನ್ನೂ ಕಡಿಮೆ. ಕಾನು, ದರೆ, ಬ್ಯಾಣ, ಸೊಪ್ಪಿನಬೆಟ್ಟ, ಅಡಿಕೆಯ ಹಸ, ಬೆಟ್ಟೆ, ಗೊರಬಲು: ಇವನ್ನು ವಿವರಿಸು ಎಂದು ಎಂಟನೆಯ ತರಗತಿಯವರು ಯಂತ್ರಕ್ಕೆ ಕೇಳಲಿ. ಬಂದ ಉತ್ತರವನ್ನು ಮನೆಯ ಹಿರಿಯರ ಮುಂದಿಟ್ಟು ತಿದ್ದಿಸಿ ತರಲಿ.

ಐದನೆಯ ತರಗತಿಗೆ ಬೇಕಾದ್ದು ಇದಕ್ಕಿಂತ ಸರಳ. ಅಳತೆಯ ಪಾಠಕ್ಕೆ ಊರಿನದೇ ಲೆಕ್ಕಗಳನ್ನು ಮೇಷ್ಟ್ರು ಹಿಂದಿನ ದಿನ ಸಂಜೆಯೇ ಯಂತ್ರದಿಂದ ಮಾಡಿಸಿಟ್ಟುಕೊಳ್ಳಲಿ: 200 ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು, 15 ಲೀಟರ್ ಕ್ಯಾನಿಗೆ ಎಷ್ಟು. ಬೆಳಿಗ್ಗೆ ಕಾಗದದ ಮೇಲಿನ ಆ ಲೆಕ್ಕಗಳೊಡನೆ ದೊಡ್ಡ ಮಕ್ಕಳು ತಾವೇ ಗುದ್ದಾಡುತ್ತಿರುವಾಗ, ಇನ್ನೂ ಅಕ್ಷರ ಕೂಡಿಸಲು ಬಾರದ ಒಂದನೆಯ ತರಗತಿಯ ಮಗುವಿನ ಪಕ್ಕ ಮೇಷ್ಟ್ರಿಗೆ ಇಪ್ಪತ್ತು ನಿಮಿಷ ಕೂರಲು ಪುರಸೊತ್ತು ಸಿಗುತ್ತದೆ.