ಗುಡ್ಡೆಯ ಮೇಲಿಂದ ಇಳಿದ ಮದ್ದು

ಆಟಿ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆ ಇಬ್ಬರು ಕೃಷಿಕರು ಎದುರಾದರೆ ಮೊದಲ ಮಾತು ಮಳೆಯದ್ದು, ಎರಡನೆಯದು 'ಮದ್ದು ಬಿಟ್ಟಾಯ್ತಾ?' ಘಟ್ಟದ ಮೇಲಿನವರು ಕೇಳಿಸಿಕೊಂಡರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡಾರು. ಹುಷಾರಿಲ್ಲದ್ದು ಅಡಿಕೆಗೆ. ಮಹಾಳಿ, ಅಂದರೆ ಕೊಳೆರೋಗ. ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಗೊನೆಗೆ ಹೊಡೆಯುವುದಕ್ಕೆ ಇಲ್ಲಿ ಮದ್ದು ಬಿಡುವುದು ಎನ್ನುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅದನ್ನು ಅಡಿಕೆಗೆ ಒಗ್ಗಿಸಿದ. ಮರದ ತುದಿಯಲ್ಲಿ ಕಾಲಿಗೆ ತಳೆ ಸಿಕ್ಕಿಸಿ ಕೂತವನ ಕೈಯಿಂದ ತಿಳಿನೀಲಿ ಹನಿ ಚಿಮ್ಮುತ್ತದೆ; ಕೆಳಗೆ ಬ್ಯಾರೆಲ್ ಕಲಕುವವನ ಮುಟ್ಟಾಳೆಯೂ ನೀಲಿ, ಹುಬ್ಬೂ ನೀಲಿ. ಸಂಜೆ ಬಿಸಿನೀರಲ್ಲಿ ಮಿಂದರೆ ಮುಗಿಯಿತು. ಮದ್ದು ಎಂಬ ಮಾತಿನ ಮೇಲೆ ಈ ಸೀಮೆಗೆ ಇದ್ದ ನಂಬಿಕೆ ಅಂಥದ್ದು.

ಎಪ್ಪತ್ತರ ದಶಕದ ಕೊನೆಗೆ ಹೆಲಿಕಾಪ್ಟರ್ ಬಂತು. ಅದು ಗೇರುಗುಡ್ಡೆಗಳ ಮೇಲೆ ಸುರಿದದ್ದಕ್ಕೂ ಜನ ಮದ್ದು ಎಂದೇ ಹೆಸರಿಟ್ಟರು.

ಗೇರು ಚಿಗುರಿ ಹೂಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ರಸ ಹೀರುತ್ತದೆ. ಕೊನರು ಸುಟ್ಟ ಹಾಗೆ ಕಪ್ಪಾಗುತ್ತದೆ, ಬೀಜ ಕಚ್ಚುವುದಿಲ್ಲ. ಹಿತ್ತಿಲಲ್ಲಿ ನಾಲ್ಕು ಮರ ಇದ್ದವರು ಅದನ್ನು ಹಣೆಬರಹ ಅಂದುಕೊಳ್ಳುತ್ತಿದ್ದರು. ಗುಡ್ಡೆಗುಡ್ಡೆಯೇ ಗೇರಾದಾಗ ಲೆಕ್ಕ ಬದಲಾಯಿತು. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ತೋಪು. ಗಡಿಯ ಈಚೆ 1978ರಲ್ಲಿ ಹುಟ್ಟಿದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಇಷ್ಟಗಲಕ್ಕೆ ಆಳು ಹಚ್ಚಿ ಹೊಡೆಸುವ ಬದಲು ಆಕಾಶದಿಂದ ಸುರಿದರೆ ಅಗ್ಗ. ಸುರಿದದ್ದು ಎಂಡೋಸಲ್ಫಾನ್.

ಗಿಡದ ತುದಿಯಿಂದ ಎರಡು ಮೂರು ಮೀಟರಿಗಿಂತ ಮೇಲಿಂದ ಹೊಡೆಯಬಾರದು, ಗಾಳಿ ಇದ್ದಾಗ ಹೊಡೆಯಬಾರದು, ಬಾವಿ ಮುಚ್ಚಿಸಬೇಕು ಎಂಬೆಲ್ಲ ನಿಯಮಗಳಿದ್ದವು. ಬಯಲುಸೀಮೆಯ ಹತ್ತಿಹೊಲಕ್ಕಾದರೆ ಸರಿ. ನಮ್ಮಲ್ಲಿ ಒಂದು ಗುಡ್ಡೆ ಏರಿದರೆ ಇನ್ನೊಂದು ಇಳಿಯಬೇಕು. ಅಷ್ಟು ಕೆಳಗೆ ಹಾರಿದರೆ ಯಂತ್ರವೇ ಮರಕ್ಕೆ ಸಿಕ್ಕೀತು. ಮೇಲಿಂದ ಬಿಟ್ಟದ್ದನ್ನು ಗಾಳಿ ಒಯ್ದು ತನಗೆ ಬೇಕಾದಲ್ಲಿ ಇಳಿಸಿತು. ತೋಪು ಗುಡ್ಡೆಯ ನೆತ್ತಿಯಲ್ಲಿ, ಮನೆ, ತೋಟ, ತೋಡು ಎಲ್ಲ ಬುಡದಲ್ಲಿ. ಬಾವಿಗಾದರೂ ಸೋಗೆ ಮುಚ್ಚಬಹುದು. ಕಾಸರಗೋಡಿನ ಎಣ್ಮಕಜೆ ಕಡೆ ಕುಡಿಯುವ ನೀರು ಬರುವುದು ಗುಡ್ಡೆಯ ಹೊಟ್ಟೆ ಕೊರೆದ ಸುರಂಗದಿಂದ, ಅಡಿಕೆ ದಂಬೆಯಲ್ಲಿ ಹರಿದು ತೆರೆದ ಕೆರೆಗೆ. ಅದಕ್ಕೆ ಏನನ್ನು ಮುಚ್ಚುವುದು? ಮಕ್ಕಳಂತೂ ಸದ್ದು ಕೇಳಿದೊಡನೆ ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದರು.

ಎಣ್ಮಕಜೆಯ ಪಡ್ರೆ ಎಂಬ ಊರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕಾಲು ಸೊಟ್ಟಗಾದ ಕರುಗಳು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಇದನ್ನು ಸಿಂಪಡಣೆಯ ಜತೆ ಸೇರಿಸಿ ಬರೆದರು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ'ಯ ಸಂಪಾದಕರೆಂದು ನಮಗೆ ಪರಿಚಯವಾಗಿದ್ದು ಆಮೇಲೆ. ಬರೆದದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಲ್ಲೇ ವಾಣೀನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ತೋಡಿನ ದಡದ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕಿಷ್ಟು ಎಂದು ತಲೆಕೆಡಿಸಿಕೊಂಡರು. ಊರವರು ಜಟಾಧಾರಿ ದೈವದ ಮುನಿಸು ಎನ್ನುತ್ತಿದ್ದರು. ತಪ್ಪೆನ್ನುವುದು ಹೇಗೆ? ದೈವ ಮುನಿಯುವುದನ್ನು ಅವರು ಕೇಳಿದ್ದರು, ಮದ್ದು ಮುನಿಯುವುದನ್ನು ಕೇಳಿರಲಿಲ್ಲ.

ಮುಂದಿನದು ಹೆಚ್ಚಿನವರಿಗೆ ಗೊತ್ತು. ಕಾಸರಗೋಡಿನ ಪೆರಿಯದ ಕೃಷಿ ಇಲಾಖೆ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. 2000ದ ಡಿಸೆಂಬರಿಗೆ ಹೆಲಿಕಾಪ್ಟರ್ ನಿಂತಿತು. ಮರುವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆ ಊರವರ ರಕ್ತದಲ್ಲಿ ಎಂಡೋಸಲ್ಫಾನ್ ತೋರಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜತೆ ಹೋಲಿಸಿ, ಪಡ್ರೆಯ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿತು. ಈ ವಿಷ ನರಗಳನ್ನು ಸುಮ್ಮನಿರಿಸುವ ವ್ಯವಸ್ಥೆಗೇ ಅಡ್ಡ ಬರುತ್ತದೆ, ಆದ್ದರಿಂದಲೇ ಫಿಟ್ಸ್; ಹಾರ್ಮೋನನ್ನೂ ಕದಡುತ್ತದೆ. ನಂಟು ರುಜುವಾತಾಗಿಲ್ಲ ಎಂದ ಸರಕಾರಿ ಸಮಿತಿಗಳೂ ಇದ್ದವು. ಅವುಗಳ ವರದಿ ಬರುವಷ್ಟರಲ್ಲಿ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾಗಿದ್ದರು.

ನನ್ನನ್ನು ಕಾಡುವುದು ಗಡಿಯ ಈಚೆಯ ಮೌನ. ಪುತ್ತೂರಿನ ಪಾಣಾಜೆಯಿಂದ ನಡೆದೇ ಪಡ್ರೆಗೆ ಹೋಗಬಹುದು. ನೆಂಟಸ್ತಿಕೆ ಇದೆ, ಜಾತ್ರೆ ಇದೆ. ಕೊಕ್ಕಡ, ಪಟ್ರಮೆ, ನಿಡ್ಲೆ, ಆಗ ಪುತ್ತೂರು ತಾಲೂಕಿನಲ್ಲಿದ್ದ ಕೊಯಿಲ, ಎಲ್ಲಕ್ಕೂ ಗೇರು ನಿಗಮದ ತೋಪುಗಳಿಂದ ಗಾಳಿ ಅದೇ ವಿಷ ಹೊತ್ತಿತ್ತು. ಆದರೆ ಆಚೆ ಗದ್ದಲವಾದ ಎಷ್ಟೋ ವರ್ಷಗಳ ಮೇಲೆ ಕೊಕ್ಕಡದವರ ಕೂಗು ಬೆಂಗಳೂರಿಗೆ ಮುಟ್ಟಿತು. ಆಚೆ ಒಬ್ಬ ವೈದ್ಯರಿದ್ದರು, ಒಬ್ಬ ಬರಹಗಾರರಿದ್ದರು. ಈಚೆ ಅಂಗವಿಕಲ ಮಗುವನ್ನು ಒಳಕೋಣೆಯಲ್ಲಿಟ್ಟು ಕೂಲಿಗೆ ಹೋಗುವ ತಾಯಂದಿರಿದ್ದರು. ಮೂರನೆಯ ಕಾರಣ ಹುಡುಕಬೇಕಾಗಿಲ್ಲ.

2011ರ ಫೆಬ್ರುವರಿಯಲ್ಲಿ ಕರ್ನಾಟಕ ನಿಷೇಧ ಹಾಕಿತು, ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಕೊಟ್ಟಿತು. ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರ ತೆರೆದವು, ಮಾಸಾಶನ ಬಂತು. 2017ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಒಂದೇ ವಿಷಕ್ಕೆ ಗಡಿಯ ಎರಡು ಕಡೆ ಎರಡು ಬೆಲೆ.

ವಿಷ ಪೂರ್ತಿ ಹೋಗಿದೆಯೆನ್ನುವ ಹಾಗೂ ಇಲ್ಲ. ಈಶ್ವರಮಂಗಲದಾಚೆ, ಗಡಿ ಸಮೀಪದ ಮಿಂಚಿನಪದವಿನಲ್ಲಿ ಉಳಿದ ಎಂಡೋಸಲ್ಫಾನನ್ನು ಹಾಳುಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತನಕ ಹೋಯಿತು. ಟೀ ಸೊಳ್ಳೆಯೂ ಎಲ್ಲಿಗೂ ಹೋಗಿಲ್ಲ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಿಂದ ಗೇರು ಸಂಶೋಧನಾ ಕೇಂದ್ರ ಇದೆ. ವಿಜ್ಞಾನಿಗಳು ಈಗ ಚಗಳಿ ಇರುವೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎಲೆ ಹೊಲಿದು ಗೂಡು ಕಟ್ಟುವ ಈ ಇರುವೆ ಇದ್ದ ಮರದಲ್ಲಿ ಟೀ ಸೊಳ್ಳೆಗೆ ನೆಲೆ ಸಿಗುವುದು ಕಷ್ಟ. ಬೀಜ ಕೊಯ್ಯಲು ಹೋದವರಿಗೂ ಕಷ್ಟವೇ ಅನ್ನಿ.

ಮೊನ್ನೆ ಮುಂಗಾರಿಗೆ ಮೊದಲು ನೆರೆಯ ಅಡಿಕೆ ತೋಟಕ್ಕೆ ಡ್ರೋನ್ ಬಂದಿತ್ತು. ನಾಲ್ಕು ಮಕ್ಕಳು ನೋಡಲು ಓಡಿದರು. ಬೇಲಿಯಾಚೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದ ದೊಡ್ಡಮ್ಮ, 'ಎಂಥ ಮದ್ದು ಮಾರಾಯ, ತುತ್ತು ಸುಣ್ಣವಾ?' ಎಂದರು. 'ಅಲ್ಲ ದೊಡ್ಡಮ್ಮ, ಸುಣ್ಣ ಆದರೆ ಇದರ ನಳಿಗೆಯಲ್ಲಿ ಕಟ್ಟುತ್ತದೆ' ಎಂದ ಹುಡುಗ. 'ಮತ್ತೆ ಎಂಥದ್ದು?' ಹುಡುಗ ಕ್ಯಾನನ್ನು ತಿರುಗಿಸಿ ಚೀಟಿ ಓದತೊಡಗಿದ. ಅವನು ಓದಿ ಮುಗಿಸುವುದರೊಳಗೆ ಅವರು ಹಪ್ಪಳದ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟು, ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು.