ಅಂಗೈ ಮೇಲೊಂದು ಮಿದುಳು

ನಿಮ್ಹಾನ್ಸ್‌ಗೆ ಹೋಗಿದ್ದೆ ಅಂದರೆ ನಮ್ಮ ಕೊಡಗಿನ ಗಾಳಿಬೀಡಿನ ಕಡೆ ಇವತ್ತಿಗೂ ‘ಯಾರಿಗೆ, ಏನಾಯ್ತು?’ ಅಂತ ದನಿ ತಗ್ಗಿಸಿ ಕೇಳುತ್ತಾರೆ. ಯಾರಿಗೂ ಏನೂ ಆಗದೆಯೂ ಬೆಂಗಳೂರಿನ ಹೊಸೂರು ರಸ್ತೆಯ ಆ ಗೇಟು ದಾಟಲು ಒಂದು ಕಾರಣವಿದೆ: ಅಲ್ಲಿನ ಬ್ರೈನ್ ಮ್ಯೂಸಿಯಂ.

ಕಾಲಿಟ್ಟರೆ ಮೊದಲು ಫಾರ್ಮಲಿನ್ ಘಾಟು. ಆಮೇಲೆ ಮಿದುಳುಗಳ ಸಾಲು. ಕೆಲವು ಇಡಿಯಾಗಿ, ಕೆಲವು ಹೋಳು ಹೋಳಾಗಿ. ಮರಣೋತ್ತರ ಪರೀಕ್ಷೆಯ ಹೊತ್ತಲ್ಲಿ ಮನೆಯವರು ಒಪ್ಪಿ ಕೊಟ್ಟವು. ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರ ದಶಕಗಳ ದುಡಿಮೆ ಇದರ ಹಿಂದಿದೆ. ಸಂಶೋಧಕರಿಗೆ ಮಿದುಳಿನ ಅಂಗಾಂಶ ಒದಗಿಸುವ ಬ್ರೈನ್ ಬ್ಯಾಂಕ್ ಇಲ್ಲಿ ಶುರುವಾಗಿದ್ದು 1995ರಲ್ಲಿ.

ಪ್ರಾಣಿಗಳ ಮಿದುಳುಗಳೂ ಇವೆ. ನಾನು ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಮುಂದೆ ಕಾಯಿಲೆ, ಪೆಟ್ಟು ತಿಂದ ಮನುಷ್ಯರವು: ಬಿ.ಪಿ. ಏರಿ ನಾಳ ಒಡೆದ ಮಿದುಳಿನೊಳಗೆ ಕಪ್ಪಗೆ ಕಟ್ಟಿದ ರಕ್ತ, ತಲೆಗೆ ಪೆಟ್ಟು ಬಿದ್ದ ಮಿದುಳು. ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ನೇತುಹಾಕುವ ಹುಡುಗರನ್ನು ಇಲ್ಲಿ ಐದು ನಿಮಿಷ ನಿಲ್ಲಿಸಿದರೆ ಸಾಕು.

ನನ್ನನ್ನು ತಡೆದು ನಿಲ್ಲಿಸಿದ್ದು ಲಾಡಿಹುಳುವಿನ ಮರಿಗಳು ಗೂಡು ಕಟ್ಟಿದ ಮಿದುಳು. ಹೋಳಿನ ತುಂಬ ಸಣ್ಣ ಸಣ್ಣ ಗುಳಿ. ಪಂದಿ ಕರಿ ಇಲ್ಲದೆ ಹಬ್ಬವಾಗದ ಊರಿನವನಿಗೆ ಎದೆ ಧಸಕ್ಕೆನ್ನದಿರುತ್ತದೆಯೇ? ಅರೆಬೆಂದ ಹಂದಿಮಾಂಸ ತಿಂದರೆ ಹುಳು ಕರುಳಲ್ಲಿ ಬೆಳೆಯುತ್ತದೆ, ನಿಜ. ಮಿದುಳಿಗೆ ಏರುವುದು ಮಾತ್ರ ಅದರ ಮೊಟ್ಟೆ ನುಂಗಿದವರಿಗೆ. ಮೊಟ್ಟೆ ಹೊರಬೀಳುವುದು ಮನುಷ್ಯರ ಮಲದಲ್ಲಿ. ಬಾಯಿಗೆ ಬರುವುದು ತೊಳೆಯದ ಕೈ, ಹಸಿ ಸೊಪ್ಪು, ಕೊಳಕು ನೀರಿನ ದಾರಿಯಲ್ಲಿ. ಅಪ್ಪಟ ಸಸ್ಯಾಹಾರಿಗೂ ಇದರಿಂದ ಫಿಟ್ಸ್ ಬರಬಹುದು. ಚೆನ್ನಾಗಿ ಬೆಂದು, ಕಾಚಂಪುಳಿಯ ಹುಳಿ ಬಿದ್ದ ಪಂದಿ ಕರಿ ನಿರಪರಾಧಿ.

ಕೊನೆಗೆ ಗ್ಲೌಸ್ ತೊಡಿಸಿ ನಿಜವಾದ ಮಿದುಳೊಂದನ್ನು ಕೈಗೆ ಕೊಡುತ್ತಾರೆ. ದೊಡ್ಡವರದ್ದು ಸುಮಾರು 1.3 ಕಿಲೋ. ಜೀವಂತ ಮಿದುಳು ಬಲು ಮೆತ್ತಗೆ. ಫಾರ್ಮಲಿನ್ನಿನಲ್ಲಿ ನೆನೆದ ಇದು ಚೆನ್ನಾಗಿ ಕಟ್ಟಿದ ಗಿಣ್ಣಿನ ಹಾಗೆ ಬಿಗಿ. ಮಡಿಕೆಗಳ ನಡುವಿನ ಸಂದಿಗಳು ಬೆರಳಿಗೆ ಸಿಗುತ್ತವೆ. ಇದನ್ನು ಕೊಯ್ಯುವ ಧೈರ್ಯ ಮೊದಲು ಮಾಡಿದವರು ಎಂಥ ಗಟ್ಟಿಗರೋ!

ಕೊಯ್ಯದೆಯೇ ಒಳಗನ್ನು ನೋಡುವುದು ಈಚಿನ ಮಾತು. ಸಿ.ಟಿ. ಸ್ಕ್ಯಾನ್ ರೋಗಿಯೊಬ್ಬರ ಮಿದುಳನ್ನು ಮೊದಲು ತೋರಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಮುಂಚೆ ಮಿದುಳಿನ ಕುಳಿಗಳಿಗೆ ಗಾಳಿ ತುಂಬಿಯೋ, ರಕ್ತನಾಳಕ್ಕೆ ದ್ರವ ಹರಿಸಿಯೋ ಎಕ್ಸ್-ರೇ ತೆಗೆದು, ನೆರಳು ನೋಡಿ ಗಡ್ಡೆ ಎಲ್ಲಿದೆಯೆಂದು ಊಹಿಸಬೇಕಿತ್ತು. ಊಹೆ ಸರಿಯೋ ತಪ್ಪೋ ಎಂಬುದು ಎಷ್ಟೋ ಸಲ ಗೊತ್ತಾಗುತ್ತಿದ್ದುದು ಸತ್ತ ಮೇಲೆ, ಇಂಥದೇ ಹೋಳುಗಳಲ್ಲಿ. ಆ ಕಾಲದಲ್ಲೇ ಇದೇ ಆವರಣದಲ್ಲಿ ಡಾ. ಆರ್. ಎಂ. ವರ್ಮ ಪಾರ್ಕಿನ್ಸನ್ ನಡುಕಕ್ಕೆ ಬುರುಡೆ ಕೊರೆಯದೆ ಚಿಕಿತ್ಸೆ ಮಾಡಿದರು. ಕೆನ್ನೆಯಿಂದ ಸೂಜಿ ತೂರಿಸಿ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ರಂಧ್ರದ ಮೂಲಕ ಮಿದುಳಿನ ಆಳ ಮುಟ್ಟುವ ವಿಧಾನ ಅವರದು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದದ್ದೂ ಅವರೇ.

ಕೊಡಗಿನ ಶಾಲೆಗಳು ಬೆಂಗಳೂರು ಪ್ರವಾಸ ಹಾಕುವಾಗ ಒಂದು ಮಾಲ್ ಬಿಟ್ಟು ಇದನ್ನು ಸೇರಿಸಿಕೊಳ್ಳಲಿ. ಸಾರ್ವಜನಿಕರಿಗೆ ಬುಧವಾರ ಮತ್ತು ಶನಿವಾರ ಪ್ರವೇಶ. ಅಷ್ಟು ದೂರ ಹೋಗುವವರು ವೇಳೆಯನ್ನು ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಂಡು ಹೊರಡಿ.