ವಿರೋಧದ ಲೆಕ್ಕ: 1991ರ ಸುಧಾರಣೆಗಳಿಂದ ಕೇಣಿ ಬಂದರಿನವರೆಗೆ

ಅಂಕೋಲಾ ತಾಲೂಕಿನ ಕೇಣಿಯಲ್ಲಿ ಸರ್ವಋತು ಬಂದರನ್ನು ನಿರ್ಮಿಸುವ ಹೊಣೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿಯು 2023ರ ನವೆಂಬರ್ ತಿಂಗಳಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗೆ ವಹಿಸಿತು. ಅಂದಾಜು ವೆಚ್ಚ ರೂ. 4,119 ಕೋಟಿ, ಆರಂಭಿಕ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮುರ್ಮಗೋವಾ ಮತ್ತು ನವಮಂಗಳೂರು ಬಂದರುಗಳ ನಡುವೆ, ಉತ್ತರ ಕರ್ನಾಟಕದ ಉಕ್ಕು, ಸಿಮೆಂಟ್ ಉದ್ಯಮಗಳಿಗೆ ಹತ್ತಿರವಾದ ದ್ವಾರವೊಂದು ತೆರೆಯುವುದೆಂದು ವಾಣಿಜ್ಯ ವಲಯವು ಇದನ್ನು ಸ್ವಾಗತಿಸಿದ್ದು ಸಹಜವೇ. ಆದರೆ 2025ರಲ್ಲಿ ಸಮುದ್ರದ ಸಮೀಕ್ಷಾ ಕಾರ್ಯಕ್ಕೆ ಮೀನುಗಾರರಿಂದ ತೀವ್ರ ಪ್ರತಿರೋಧ ಎದುರಾಯಿತು. ಸಾರ್ವಜನಿಕ ಅಹವಾಲು ಸಭೆಯಲ್ಲಿಯೂ ಅದೇ ಧ್ವನಿ ಕೇಳಿಬಂದಿತು. ಇಂತಹ ಸಂದರ್ಭಗಳಲ್ಲಿ 'ಇದೆಲ್ಲ ರಾಜಕೀಯ' ಎಂಬ ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸುವ ಪರಿಪಾಠ ನಮ್ಮ ವರ್ತಕ ಸಮುದಾಯದಲ್ಲಿದೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಲು 1991ರ ಆರ್ಥಿಕ ಸುಧಾರಣೆಗಳ ಇತಿಹಾಸವನ್ನು ತಿರುವಿ ನೋಡಬೇಕಾಗುತ್ತದೆ.

1991ರ ಜೂನ್ 21ರಂದು ಪಿ. ವಿ. ನರಸಿಂಹ ರಾವ್ ಅವರು ಪ್ರಧಾನಿಯಾದಾಗ ದೇಶದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವಾಯಿತು. ಅದೇ ತಿಂಗಳು ಸುಮಾರು 47 ಟನ್ ಚಿನ್ನವು ಅಡಮಾನಕ್ಕೆ ಹೋಯಿತು. ಜುಲೈ 24ರಂದು ಮಧ್ಯಾಹ್ನ ಹೊಸ ಕೈಗಾರಿಕಾ ನೀತಿಯೂ ಸಂಜೆ ಡಾ. ಮನಮೋಹನ್ ಸಿಂಗ್ ಅವರ ಮುಂಗಡಪತ್ರವೂ ಸಂಸತ್ತಿನ ಮುಂದೆ ಬಂದವು. ಲೈಸೆನ್ಸ್ ರದ್ದತಿಯ ಸುದ್ದಿ ಉದ್ಯಮಿಗೆ ಹಬ್ಬವಾಗಿತ್ತು. ಜನಸಾಮಾನ್ಯರ ಪಾಲಿಗಾದರೋ ಅಂದಿನ ಸುದ್ದಿಯೆಂದರೆ ಪೆಟ್ರೋಲ್ ಮತ್ತು ಅಡುಗೆ ಅನಿಲ ಶೇ. 20ರಷ್ಟು ದುಬಾರಿಯಾದದ್ದು, ಪಡಿತರ ಸಕ್ಕರೆ ಕಿಲೋಗೆ 85 ಪೈಸೆ ಏರಿದ್ದು, ರಸಗೊಬ್ಬರಕ್ಕೆ ಶೇ. 40ರ ಬೆಲೆಯೇರಿಕೆ. ಆಗಸ್ಟ್ ವೇಳೆಗೆ ಹಣದುಬ್ಬರ ಶೇ. 16ನ್ನು ದಾಟಿತ್ತು. ಇಂತಹ ಕಾಲದಲ್ಲಿ ವಿರೋಧ ಬಾರದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಸರ್ಕಾರಕ್ಕೆ ಲೋಕಸಭೆಯಲ್ಲಿ ಬಹುಮತವಿರಲಿಲ್ಲ. ಎಡಪಕ್ಷಗಳೂ ಜನತಾದಳವೂ ನೀತಿಯನ್ನು ಖಂಡಿಸುತ್ತಿದ್ದರೂ ಜುಲೈ ವಿಶ್ವಾಸಮತದಲ್ಲಿ ತಟಸ್ಥವಾಗುಳಿದು ಸರ್ಕಾರವನ್ನು ಉಳಿಸಿದವು. ರಸಗೊಬ್ಬರದ ವಿಷಯದಲ್ಲಿ ಮಾತ್ರ ಆಡಳಿತ ಪಕ್ಷದ ಸದಸ್ಯರೇ ವಿರೋಧಿಗಳ ಜೊತೆ ದನಿಗೂಡಿಸಿದರು. ಆಗಸ್ಟ್ ಆರಂಭದಲ್ಲಿ ಏರಿಕೆಯನ್ನು ಶೇ. 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿಯನ್ನು ಘೋಷಿಸಲಾಯಿತು. ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಚೀಲಕ್ಕೆ ಎರಡು ದರವೆಂದರೆ ಏನಾದೀತೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. 1992ರ ಆಗಸ್ಟ್‌ನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ನಿಯಂತ್ರಣಮುಕ್ತಗೊಳಿಸಿ, ಯೂರಿಯಾ ದರವನ್ನು ಮಾತ್ರ ಇಳಿಸಲಾಯಿತು. ಪರಿಣಾಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಬಳಕೆಯ ಅನುಪಾತವು 1991-92ರ 5.9:2.4:1ರಿಂದ ಒಂದೇ ವರ್ಷದಲ್ಲಿ 9.5:3.2:1ಕ್ಕೆ ಜಾರಿತು. ರಾಜಕೀಯ ರಾಜಿಯ ವೆಚ್ಚವನ್ನು ಮಣ್ಣಿನ ಖಾತೆಗೆ ಖರ್ಚು ಹಾಕಲಾಯಿತೆಂದೇ ಹೇಳಬೇಕು. ಇದು ವಿರೋಧದಿಂದ ಕೆಡುಕಾದ ಉದಾಹರಣೆ.

ಕಡಲಿನ ಕಥೆ ಬೇರೆಯೇ ಆಗಿದೆ. ಆಳಸಮುದ್ರ ಮೀನುಗಾರಿಕೆಗೆ ವಿದೇಶಿ ಹಡಗುಗಳನ್ನು ಗುತ್ತಿಗೆಯ ಮೇಲೂ ಜಂಟಿ ಉದ್ಯಮದ ಹೆಸರಿನಲ್ಲೂ ಬರಮಾಡಿಕೊಳ್ಳುವ ಹೊಸ ನೀತಿ ಪ್ರಕಟವಾದದ್ದು 1991ರ ಮಾರ್ಚ್‌ನಲ್ಲಿ, ಅಂದರೆ ಮನಮೋಹನ್ ಸಿಂಗ್ ಅವರು ಅರ್ಥಸಚಿವರಾಗುವುದಕ್ಕೂ ಮುನ್ನ. ಕಾಗದದ ಮೇಲೆ ತರ್ಕ ಸರಿಯಾಗಿಯೇ ಇತ್ತು. 200 ನಾಟಿಕಲ್ ಮೈಲಿಗಳ ವಿಶೇಷ ಆರ್ಥಿಕ ವಲಯ ನಮ್ಮದು, ಅದರ ಆಳದ ಮೀನನ್ನು ಹಿಡಿಯುವ ಹಡಗು ನಮ್ಮಲ್ಲಿಲ್ಲ, ಡಾಲರ್ ಬೇಕಾಗಿದೆ. ಆದರೆ ನೀರಿನಲ್ಲಿ ಗೆರೆ ಎಳೆಯಲಾಗುವುದಿಲ್ಲ. ಆಳದಲ್ಲಿ ಹಿಡಿಯಬೇಕಾದ ದೊಡ್ಡ ಹಡಗು ದಡದತ್ತ ಸರಿದರೆ ನಷ್ಟ ಯಾರಿಗೆಂಬುದನ್ನು ಕೇಣಿ, ಬೇಲೇಕೇರಿಗಳ ದೋಣಿಗಳಲ್ಲಿ ಕುಳಿತವರು ದೆಹಲಿಯ ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲರು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದಾಗ ರಂಪಣಿ ಬಲೆಯ ಗತಿ ಏನಾಯಿತೆಂಬುದು ಈ ಕರಾವಳಿಯ ಅನುಭವ.

ವಾಣಿಜ್ಯ ಜಗತ್ತು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಿಡಿದ ಮೀನನ್ನು ನಡುಸಮುದ್ರದಲ್ಲಿಯೇ ಬೇರೆ ಹಡಗಿಗೆ ವರ್ಗಾಯಿಸಲು ಆ ನೀತಿಯಲ್ಲಿ ಅವಕಾಶವಿತ್ತು. ಮೀನು ಭಾರತದ ದಡವನ್ನೇ ಮುಟ್ಟದಿದ್ದರೆ ಎಷ್ಟು ಟನ್, ಯಾವ ಜಾತಿ, ಯಾವ ದರ ಎಂಬುದಕ್ಕೆ ಆಧಾರವೆಂದರೆ ಹಡಗಿನವರು ಬರೆದುಕೊಟ್ಟ ಕಾಗದ ಮಾತ್ರ. ಸಂಬಂಧಿತ ಸಂಸ್ಥೆಗಳ ನಡುವಣ ಅಂತರರಾಷ್ಟ್ರೀಯ ವ್ಯವಹಾರಗಳ ದರವನ್ನು ಪರಿಶೀಲಿಸುವ ವಿವರವಾದ ನಿಯಮಾವಳಿ ನಮ್ಮ ಆದಾಯ ತೆರಿಗೆ ಕಾನೂನಿಗೆ ಸೇರಿದ್ದು 2001ರ ಹಣಕಾಸು ಕಾಯಿದೆಯಿಂದ. ಅಂದರೆ ಡಾಲರಿಗಾಗಿ ರೂಪಿಸಿದ ನೀತಿಯಲ್ಲಿ ಡಾಲರ್ ಬಂದಿತೇ ಎಂದು ತಾಳೆ ನೋಡುವ ಗಟ್ಟಿಯಾದ ವ್ಯವಸ್ಥೆಯೇ ಇರಲಿಲ್ಲ. ಯಾವ ಲೆಕ್ಕಪರಿಶೋಧಕನೂ ಇಂತಹ ದಾಸ್ತಾನಿಗೆ ನಿಶ್ಚಿಂತೆಯಿಂದ ಸಹಿ ಹಾಕಲಾರ.

ಕರಾವಳಿಯಾದ್ಯಂತ 1994ರ ಫೆಬ್ರವರಿ 4ರಂದು ಮತ್ತು ಅದೇ ವರ್ಷ ನವೆಂಬರ್‌ನಲ್ಲಿ ಮೀನುಗಾರಿಕಾ ಬಂದ್ ನಡೆಯಿತು. ಮುಂಚೂಣಿಯಲ್ಲಿದ್ದವರು ರಾಷ್ಟ್ರೀಯ ಮೀನುಗಾರರ ವೇದಿಕೆಯ ಥಾಮಸ್ ಕೊಚ್ಚೇರಿ. ವಿಶೇಷವೆಂದರೆ ಅದುವರೆಗೆ ಪರಸ್ಪರ ಕಾದಾಡುತ್ತಿದ್ದ ಸಾಂಪ್ರದಾಯಿಕ ಮೀನುಗಾರರು ಮತ್ತು ಯಾಂತ್ರಿಕ ದೋಣಿಗಳ ಮಾಲೀಕರು ಒಂದೇ ವೇದಿಕೆಗೆ ಬಂದರು. ಮೀನು ಸಂಸ್ಕರಣೆಯ ವಲಯವೂ ಕೈಜೋಡಿಸಿತು. ಅಪಮೌಲ್ಯದಿಂದ ಸೀಗಡಿ ರಫ್ತಿನಲ್ಲಿ ಲಾಭ ಕಂಡಿದ್ದ ವಲಯವೂ ಇದೇ. ಸುಧಾರಣೆಯ ಒಂದು ಅಂಗದ ಫಲಾನುಭವಿಯು ಇನ್ನೊಂದು ಅಂಗವನ್ನು ವಿರೋಧಿಸುವುದರಲ್ಲಿ ಅಸಂಗತವೇನೂ ಇಲ್ಲ.

1995ರಲ್ಲಿ ಪಿ. ಮುರಾರಿ ಸಮಿತಿ ನೇಮಕವಾಯಿತು. ಅದರಲ್ಲಿ ಬರಿಯ ಅಧಿಕಾರಿಗಳಿದ್ದಾರೆಂಬ ಆಕ್ಷೇಪ ಬಂದ ಮೇಲೆ ಸಂಸತ್ ಸದಸ್ಯರನ್ನೂ ಮೀನುಗಾರ ಪ್ರತಿನಿಧಿಗಳನ್ನೂ ಸೇರಿಸಲಾಯಿತು. 1996ರ ಫೆಬ್ರವರಿಯಲ್ಲಿ ಸಲ್ಲಿಸಿದ ವರದಿಯ 21 ಶಿಫಾರಸುಗಳಲ್ಲಿ ಮುಖ್ಯವಾದದ್ದು ಜಂಟಿ ಉದ್ಯಮ ಹಾಗೂ ಗುತ್ತಿಗೆಯ ಪರವಾನಗಿಗಳ ರದ್ದತಿ. 1997ರಲ್ಲಿ ಸಂಯುಕ್ತ ರಂಗ ಸರ್ಕಾರವು ಅವುಗಳನ್ನು ಅಂಗೀಕರಿಸಿತು. ಕೆಲವು ವರ್ಷಗಳ ನಂತರ ಅದೇ ಬಗೆಯ ಅನುಮತಿ ಪತ್ರದ ಯೋಜನೆ ಇನ್ನೊಂದು ಹೆಸರಿನಲ್ಲಿ ಮರಳಿ ಬಂದು, 2017ರಲ್ಲಿ ಅದೂ ಕೈಬಿಡಲ್ಪಟ್ಟಿತು.

ಇಷ್ಟಾಗಿಯೂ ಸುಧಾರಣೆ ನಿಲ್ಲಲಿಲ್ಲ ಎಂಬುದು ಗಮನಾರ್ಹ. ವಿರೋಧ ಪಕ್ಷದಲ್ಲಿದ್ದ ಎಚ್. ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಅವರ ಸರ್ಕಾರದ 1997ರ ಮುಂಗಡಪತ್ರವೇ ವೈಯಕ್ತಿಕ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 40ರಿಂದ 30ಕ್ಕೆ ಇಳಿಸಿತು. ಸ್ವದೇಶಿಯ ಮಾತನ್ನಾಡುತ್ತಿದ್ದ ಪಕ್ಷವು 1998ರಲ್ಲಿ ಅಧಿಕಾರಕ್ಕೆ ಬಂದು ವಿಮಾ ಕ್ಷೇತ್ರವನ್ನು ಖಾಸಗಿಗೆ ತೆರೆಯಿತು. ಆ ಸರ್ಕಾರದ ವಾಣಿಜ್ಯ ಸಚಿವರಾಗಿ ಆಮದು ನಿರ್ಬಂಧಗಳನ್ನು ಸಡಿಲಿಸಿದವರು ಇದೇ ಜಿಲ್ಲೆಯ ಸಿದ್ದಾಪುರದ ರಾಮಕೃಷ್ಣ ಹೆಗಡೆ. ಮೌಲ್ಯವರ್ಧಿತ ತೆರಿಗೆ, ಸರಕು ಮತ್ತು ಸೇವಾ ತೆರಿಗೆಗಳ ಕಾಲದಲ್ಲಿಯೂ ಪಾತ್ರಗಳು ಅದಲುಬದಲಾದವೇ ಹೊರತು ನಾಟಕ ಬದಲಾಗಲಿಲ್ಲ. ಪಕ್ಷಗಳ ವಿರೋಧ ಕುರ್ಚಿಯೊಡನೆ ಸರಿಯುತ್ತದೆ. ನಷ್ಟಕ್ಕೊಳಗಾಗುವವನ ವಿರೋಧ ಸರಿಯುವುದಿಲ್ಲ. ಎರಡನ್ನೂ ಒಂದೇ ತಲೆಬರಹದಡಿ ಬರೆಯುವುದೇ ವರ್ತಕ ವಲಯದ ತಪ್ಪು.

ಅಂಕೋಲೆಗಂತೂ ಈ ಪಾಠ ಹೊಸದಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನೆಲವಿದು. ಮುಂದೆ ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಯ ಬೆಲೆ ಕುಸಿದಾಗ ಕರನಿರಾಕರಣೆ ಮಾಡಿ ಇಲ್ಲಿನ ರೈತರು ಭೂಮಿಯನ್ನೇ ಕಳೆದುಕೊಂಡರು.

ಕೇಣಿ ಬಂದರಿನ ಪ್ರಶ್ನೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ಕೇಳಬೇಕಾದ ಲೆಕ್ಕವೊಂದಿದೆ. ಯೋಜನಾ ವೆಚ್ಚದಲ್ಲಿ ಹೂಳೆತ್ತುವಿಕೆ, ಅಲೆತಡೆಗೋಡೆ, ರಸ್ತೆ, ರೈಲು ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಪರಿಹಾರವನ್ನು ಸಾಮಾನ್ಯವಾಗಿ ದಾಖಲೆಯ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ದೋಣಿಗೆ ನೋಂದಣಿಯಿದೆ, ಮನೆಗೆ ಪಹಣಿಯೋ ಪಂಚಾಯತಿ ದಾಖಲೆಯೋ ಇದೆ. ಆದರೆ ದಡದಲ್ಲಿ ಮೀನು ಒಣಗಿಸುವ, ಬುಟ್ಟಿ ಹೊತ್ತು ಅಂಕೋಲಾ ಪೇಟೆಗೆ ಬರುವ ಹೆಂಗಸಿನ ಹೆಸರು ಯಾವ ವಹಿಯಲ್ಲಿಯೂ ಸಿಗುವುದು ಕಷ್ಟ. ಬಲೆ ನೇಯುವವನಿಗೂ ಪಾಲಿನ ಮೇಲೆ ದೋಣಿ ಏರುವವನಿಗೂ ರಸೀದಿಯಿಲ್ಲ. ಅವರ ವಾರ್ಷಿಕ ಆದಾಯವನ್ನು ಮೊದಲು ಅಂದಾಜು ಮಾಡಿ, ಬಂದರಿನ ಮೊದಲ ಕಲ್ಲು ಬೀಳುವ ಮುನ್ನವೇ ಯೋಜನಾ ವೆಚ್ಚಕ್ಕೆ ಸೇರಿಸಿದರೆ ರೂ. 4,119 ಕೋಟಿಯ ಅಂದಾಜು ಎಷ್ಟಕ್ಕೆ ಏರುತ್ತದೆ, ಹಾಗೆ ಏರಿದ ಮೇಲೆಯೂ ಯೋಜನೆ ಲಾಭದಾಯಕವಾಗಿ ಉಳಿಯುತ್ತದೆಯೇ ಎಂಬುದನ್ನು ಸರ್ಕಾರವೂ ಗುತ್ತಿಗೆ ಪಡೆದ ಸಂಸ್ಥೆಯೂ ಅಂಕಿಗಳಲ್ಲಿ ಬರೆದು ಕೇಣಿಯ ಜನರ ಮುಂದಿಡಬೇಕು.